ಹಳದಿಯ ಮೇಲಿನ ಗೀರು

ಆ ಇಂಜಿನಿನ ಮೇಲೆ ಉಳಿ ಹೊಡೆದವನು ನಾನು.

ಗದ್ವಾಲದ ಶಿವರಾಜನಲ್ಲ. ನಾನು — ಮಕ್ತಲ್‌ನ ಮಾಳಪ್ಪ. ನಿಮಗೆ ಬೈಕ್ ರಿಪೇರಿಯ ವಿಡಿಯೊ ತೋರಿಸಿ, ನಡುನಡುವೆ ಹರಟೆ ಹೊಡೆದು ನಗಿಸುತ್ತೇನಲ್ಲ, ಅದೇ ಮಾಳಪ್ಪ. ಜಾಮ್ ಆದ ಮುಂದಿನ ಸ್ಪ್ರಾಕೆಟ್ ಬಿಚ್ಚುವ ನನ್ನ ವಿಡಿಯೊವನ್ನು ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಅದರ ನಡುವೆ ಒಂದು ಹಳೆಯ ಫೋಟೊ ಬರುತ್ತದೆ: ನಟ್ಟಿನ ಮೂಲೆಗಳು ಚಿಂದಿಯಾಗಿವೆ, ಪಕ್ಕದಲ್ಲಿ ಇಂಜಿನಿನ ಮೈಮೇಲೆ ಉಳಿ ಜಾರಿ ಬೆರಳುದ್ದದ ಗೀರು ಬಿದ್ದಿದೆ. ಅದನ್ನು ತೋರಿಸಿ ನಾನು, “ನೋಡ್ರಪಾ, ಇದು ಗದ್ವಾಲದ ಉಳಿ ಮೇಸ್ತ್ರಿ ಕೈಚಳಕ! ಇಂಥವ್ರ ಹತ್ರ ಗಾಡಿ ಬಿಟ್ರ ಗಾಡಿ ಬರಂಗಿಲ್ಲ, ಗುಜರಿ ಬರ್ತೈತಿ” ಅಂದಿದ್ದೆ. ನೀವು ನಕ್ಕಿರಿ. ಒಬ್ಬರು, “ಅಣ್ಣಾ, ಆ ಮೇಸ್ತ್ರಿ ಹೆಸರು ಹೇಳ್ರಿ, ಆ ಕಡಿ ಹಾಯಂಗಿಲ್ಲ” ಎಂದು ಕಮೆಂಟ್ ಹಾಕಿದ್ದರು. ನಾನು ಹೆಸರು ಹೇಳಲಿಲ್ಲ. ಗದ್ವಾಲದವರಿಗೆ ಗೊತ್ತಾಗುವಷ್ಟು ಗುರುತು ಮಾತ್ರ ಹೇಳಿದೆ — ಬೇವಿನ ಮರ, ನೀಲಿ ಬಾಗಿಲು, ಎದುರಿಗೆ ಚಹಾದ ಅಂಗಡಿ.

ಹೆಸರು ಹೇಳುವುದಕ್ಕಿಂತ ಅದು ಕೆಟ್ಟದ್ದು. ಹೆಸರು ಹೇಳಿದವನ ಮನೆಗೆ ಜಗಳಕ್ಕೆ ಹೋಗಬಹುದು. ಬರೀ ಗುರುತು ಹೇಳಿದವನ ಮನೆಗೆ ಯಾವ ಮುಖ ಇಟ್ಟುಕೊಂಡು ಹೋಗುತ್ತಾರೆ? ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಬೈಕಿನ ಗಂಧ ಇಲ್ಲದವರಿಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಇಂಜಿನಿನ ಎಡಪಕ್ಕದಲ್ಲಿ, ಒಂದು ಮುಚ್ಚಳದ ಒಳಗೆ, ಅಂಗೈಗಿಂತ ಚಿಕ್ಕದಾದ ಹಲ್ಲಿನ ಚಕ್ರವಿರುತ್ತದೆ. ಅದೇ ಮುಂದಿನ ಸ್ಪ್ರಾಕೆಟ್, ಚೈನನ್ನು ಎಳೆಯುವುದು ಅದೇ. ಅದನ್ನು ಹಿಡಿದಿಟ್ಟಿರುವುದು ಒಂದು ನಟ್ಟು. ಕೆಸರು, ನೀರು, ತುಕ್ಕು ಸೇರಿ ಆ ನಟ್ಟು ಕಚ್ಚಿಕೊಂಡರೆ ಒಬ್ಬನಿಂದ ಆಗುವ ಕೆಲಸವಲ್ಲ. ಒಬ್ಬ ಸೀಟಿನ ಮೇಲೆ ಕೂತು ಹಿಂದಿನ ಬ್ರೇಕ್ ಒತ್ತಿ ಹಿಡಿಯಬೇಕು. ಇನ್ನೊಬ್ಬ ಕೆಳಗೆ ಕೂತು ಪಾನಾ ತಿರುಗಿಸಬೇಕು — ಸ್ಪ್ಯಾನರಿಗೆ ನಮ್ಮ ಕಡೆ ಪಾನಾ ಎನ್ನುತ್ತೇವೆ. ಡೀಸೆಲ್ ಹಾಕಿ ಉಜ್ಜಬೇಕು, ಎಣ್ಣೆ ಬಿಡಬೇಕು, ಕಾಯಬೇಕು. ಮತ್ತೆ ಎಣ್ಣೆ ಬಿಡಬೇಕು, ಮತ್ತೆ ಕಾಯಬೇಕು. ಕಾಯಲಾಗದವನು ಉಳಿ ಸುತ್ತಿಗೆ ಎತ್ತಿಕೊಳ್ಳುತ್ತಾನೆ. ನಟ್ಟಿಗೆ ಉಳಿ ಹಚ್ಚಿದವನಿಗೆ ನಮ್ಮ ಕಸುಬಿನಲ್ಲಿ ಮೂರು ಕಾಸಿನ ಮರ್ಯಾದೆ ಇಲ್ಲ.

ನಾವಿಬ್ಬರೂ ಕೆಲಸ ಕಲಿತದ್ದು ಒಂದೇ ಅಂಗಡಿಯಲ್ಲಿ. ಮಕ್ತಲ್‌ನ ಖಾಜಾ ಉಸ್ತಾದರ ಹತ್ತಿರ. ನಾನು ಕುರುಬರ ಹುಡುಗ, ಮನೆಯಲ್ಲಿ ಬೀರಪ್ಪನ ಪೂಜೆ. ಶಿವರಾಜ ಗದ್ವಾಲದ ಕಿರಾಣಿ ವ್ಯಾಪಾರಿಯ ಮಗ, ಹಣೆಯ ಮೇಲೆ ವಿಭೂತಿ. ಉಸ್ತಾದರು ಐದು ಹೊತ್ತಿನ ನಮಾಜಿನವರು. ಮೂವರೂ ಒಂದೇ ತಟ್ಟೆಯಲ್ಲಿ ರೊಟ್ಟಿ ಮುರಿಯುತ್ತಿದ್ದೆವು. ಉಸ್ತಾದರಿಗೆ ಒಂದು ಹಟವಿತ್ತು: ಅವರ ಅಂಗಡಿಯಲ್ಲಿ ಯಾರೂ ಆಣೆ ಹಾಕಬಾರದು. ಗಿರಾಕಿ ಬಂದು, “ಹೊಸಾ ಸಾಮಾನೇ ಹಾಕೀರೇನು, ದೇವರಾಣಿ ಹೇಳ್ರಿ” ಎಂದರೆ ಸಿಟ್ಟಿನಿಂದ ಗಡ್ಡ ನಡುಗುತ್ತಿತ್ತು.

“ಪಾನಾ ಹಿಡಿಯೋ ಕೈಲೆ ಕಸಮ್ ಹಾಕಬ್ಯಾಡ್ರೋ ಬೇಟಾ. ಕೆಲಸ ನೆಟ್ಟಗಿತ್ತು ಅಂದ್ರ ಅದೇ ಕಸಮ್. ಕೆಲಸ ಸೊಟ್ಟ ಇದ್ದವನಿಗೆ ದೇವರು ಬೇಕಾಗ್ತಾನ.”

ಕೆಲಸ ಕಲಿತು ಹೊರಡುವ ದಿನ ನಮ್ಮಿಬ್ಬರಿಗೂ ಒಂದೊಂದು ಪಾನಾ ಕೊಟ್ಟರು. ತಾವೇ ಪೈಪು ಬೆಸೆದು ಮಾಡಿದ್ದು, ಉದ್ದ ಹಿಡಿಕೆಯದು, ಮುಂದಿನ ಸ್ಪ್ರಾಕೆಟ್ ನಟ್ಟಿಗೆಂದೇ. ಅದರ ಮೇಲೆ ಕೈಯಿಟ್ಟು ಇಬ್ಬರೂ ಮಾತು ಕೊಟ್ಟೆವು: ಕಸುಬಿನ ವಿಷಯಕ್ಕೆ ಎಂದೂ ಆಣೆ ಹಾಕುವುದಿಲ್ಲ. ಈಗ ಯೋಚಿಸಿದರೆ ನಗು ಬರುತ್ತದೆ — ಆಣೆ ಹಾಕುವುದಿಲ್ಲ ಎಂದು ಆಣೆಯಂಥದ್ದೇ ಒಂದು ಮಾತು! ಆದರೆ ಅಂದು ಕಣ್ಣಲ್ಲಿ ನೀರಿತ್ತು. ಇಬ್ಬರಿಗೂ.

ಆಮೇಲೆ ನನ್ನ ಮದುವೆಯ ಮಾತು ಬಂತು.

ಹೆಣ್ಣು ನಾರಾಯಣಪೇಟೆಯವಳು, ಹೆಸರು ಅನಸೂಯಾ. ಎರಡು ಸಲ ನೋಡಿದ್ದೆ. ಎರಡನೆಯ ಸಲ ಅವಳೂ ನನ್ನನ್ನು ನೋಡಿದಳು. ಅಷ್ಟಕ್ಕೇ ಆ ಊರಿನ ಮಗ್ಗದ ಮನೆಯಿಂದ ಒಂದು ಕುಂಕುಮಬಣ್ಣದ ಚೌಕಳಿ ಸೀರೆ ತಂದು ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟಿದ್ದೆ. ಮಾತು ಮುಗಿಯಿತು, ಇನ್ನೇನು ಎಲೆಯಡಿಕೆ ಬದಲಾಗಬೇಕು ಎನ್ನುವಾಗ ಅವಳ ಅಪ್ಪ ಯಾರಿಗೂ ಹೇಳದೆ ಉಸ್ತಾದರ ಅಂಗಡಿಗೆ ಬಂದಿದ್ದಾನೆ. ಹುಡುಗ ಎಂಥವನು ಎಂದು ಕೇಳಲು. ನಾನು ಮೊದಲೇ ಬಿಟ್ಟು ಸ್ವಂತ ಅಂಗಡಿ ಹಾಕಿದ್ದೆ. ಉಸ್ತಾದರು ನಮಾಜಿಗೆ ಹೋಗಿದ್ದರು. ಅಂದು ಏನೋ ಸಾಮಾನಿಗೆಂದು ಗದ್ವಾಲದಿಂದ ಬಂದಿದ್ದ ಶಿವರಾಜ ಅಂಗಡಿಯಲ್ಲಿ ಕೂತಿದ್ದ. ಅವನೇ ಉತ್ತರ ಕೊಟ್ಟ.

“ಕೆಲಸ ಭಾಳ ಚಲೋ ಬರ್ತೈತ್ರಿ ಮಾಳಪ್ಪಗ. ಕೈ ಸ್ವಚ್ಛ. ಸಹನಿ ಒಂದು ಕಮ್ಮಿ. ನಟ್ಟು ಬರಲಿಲ್ಲಂದ್ರ ಹೊಡಿತಾನ.”

ಇಷ್ಟೇ ಮಾತು. ನಾಲ್ಕು ದಿನದ ಮೇಲೆ ಹೆಣ್ಣಿನ ಅಪ್ಪ ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೈ ಹಿಡಿದುಕೊಂಡು ಹೇಳಿದ: “ತಪ್ಪ ತಿಳಕೋಬ್ಯಾಡ ತಮ್ಮಾ. ಕಬ್ಬಿಣಕ್ಕ ಸಿಟ್ಟು ಮಾಡೋ ಕೈ, ಮನ್ಯಾಗ ಹೆಣ್ಮಗಳಿಗೆ ಬಿಡ್ತೈತೇನು? ನನ್ನ ಮಗಳು ಭಾಳ ಮೆತ್ತಗ ಬೆಳದಾಳ.”

ನಾನು ಆ ದಿನವೇ ಗದ್ವಾಲಕ್ಕೆ ಹೋದೆ. ಶಿವರಾಜ ಯಾವುದೋ ಕಾರ್ಬೊರೇಟರ್ ತೊಳೆಯುತ್ತಿದ್ದ. ತಲೆ ಎತ್ತಲಿಲ್ಲ.

“ಕೇಳಿದ್ರು, ಹೇಳಿದೆ. ಸುಳ್ಳು ಹೇಳಬೇಕಾಗಿತ್ತೇನೋ ಮಾಳ್ಯಾ?”

“ಒಂದ ಸುಳ್ಳು ಹೇಳಿದ್ರ ನಿನ್ನ ಗಂಟೇನು ಹೋಗ್ತಿತ್ತು?”

“ನನ್ನ ತಂಗಿನ್ನ ಕೇಳಾಕ ಬಂದಿದ್ರ ನಾನೂ ಹಿಂಗ ಕೇಳ್ತಿದ್ದೆ. ಖರೇ ಹೇಳಲಿ ಅಂತಿದ್ದೆ.”

ಅವನು ಕ್ಷಮೆ ಕೇಳಿದ್ದರೆ — ಇಲ್ಲ, ಕೇಳಿದ್ದರೂ ನಾನು ಬಿಡುತ್ತಿರಲಿಲ್ಲ. ಹಾಗೆ ಬರೆದು ಒಳ್ಳೆಯವನಾಗುವುದು ಬೇಡ. ಅಂದು ಬಸ್ಸಿನಲ್ಲಿ ಕೂತು ಒಂದೇ ಯೋಚನೆ: ಇವನು ನನ್ನ ಕೈಯ ಹೆಸರು ಕೆಡಿಸಿದ, ಇವನ ಕೈಯ ಹೆಸರು ನಾನು ಕೆಡಿಸಬೇಕು. ಹೆಣ್ಣು ಹೋದದ್ದಕ್ಕಿಂತ ಆ ಮಾತು ಹೆಚ್ಚು ಕುದಿಸಿತು. ಹೊಡಿತಾನ. ನನಗೆ ಬೇರೆ ಕಡೆ ಮದುವೆಯಾಯಿತು. ಈ ಬಾಳಿನಲ್ಲಿ ಒಂದು ದಿನವೂ ಹೆಂಡತಿಯ ಮೇಲೆ ಕೈ ಎತ್ತಲಿಲ್ಲ — ಪ್ರೀತಿಯಿಂದ ಎಂದುಕೊಳ್ಳಬೇಡಿ, ಮೊದಮೊದಲು ಶಿವರಾಜನ ಮಾತು ಸುಳ್ಳು ಮಾಡುವ ಹಟದಿಂದ. ಪ್ರೀತಿ ಆಮೇಲೆ ಬಂತು. ಪೆಟ್ಟಿಗೆಯಲ್ಲಿದ್ದ ಆ ಸೀರೆಯನ್ನು ಅವಳೇ ಉಟ್ಟಳು. ಯಾರಿಗೆಂದು ತಂದದ್ದು ಎಂದು ಹೇಳಿರಲಿಲ್ಲ. ಈ ಬರಹವನ್ನು ಇಲ್ಲಿ ಹಾಕುವ ಮೊದಲು ಅವಳಿಗೆ ಓದಿ ಹೇಳಿದೆ. “ಅದಕ್ಕಽ ಅಷ್ಟ ಲಗೂ ಅಂಚು ಹರಿತು ನೋಡು” ಎಂದು ಎದ್ದು ಹೋದಳು. ಇನ್ನೂ ಮಾತು ಬಿಟ್ಟಿದ್ದಾಳೆ.

ಸಿಟ್ಟನ್ನು ನಾನು ವರ್ಷಗಟ್ಟಲೆ ಸಾಕಿದೆ. ಅದಕ್ಕೆ ಒಂದು ದಾರಿ ಬೇಕಿತ್ತು, ಅಷ್ಟೇ. ದಾರಿ ಧನ್ವಾಡದಿಂದ ಬಂತು.

ಬೀರಲಿಂಗ ಕಾಕಾ ಧನ್ವಾಡದವರು. ಕುರಿ ಸಾಕಿ ಬದುಕುವ ಹಿರಿಯರು, ನಮ್ಮ ಕುಲದಲ್ಲಿ ಅವರ ಮಾತಿಗೆ ತೂಕವಿದೆ. ಸೊಂಟದಲ್ಲಿ ಸದಾ ಒಂದು ಬಟ್ಟೆಯ ಚೀಲ. ಅದರಲ್ಲಿ ಭಂಡಾರ — ಬೀರಪ್ಪನ ಮುಂದಿಟ್ಟ ಅರಿಶಿನ ಪುಡಿ. ಅದನ್ನು ಮುಟ್ಟಿ ಆಡಿದ ಮಾತಿಗೆ ನಮ್ಮಲ್ಲಿ ಎರಡನೆಯ ಮಾತಿಲ್ಲ. ಅವರ ಬೈಕಿಗೆ ಎರಡೂ ಕಡೆ ಬುಟ್ಟಿ ಕಟ್ಟಿ ಕುರಿಮರಿಗಳನ್ನು ಸಂತೆಗೆ ಒಯ್ಯುತ್ತಿದ್ದರು. ಮಗಳನ್ನು ಗದ್ವಾಲಕ್ಕೆ ಕೊಟ್ಟಿದ್ದರಿಂದ ಬೈಕಿನ ಕೆಲಸವೆಲ್ಲ ಶಿವರಾಜನ ಹತ್ತಿರವೇ. ಅವನೇ ಹೊಸ ಚೈನು, ಹೊಸ ಸ್ಪ್ರಾಕೆಟ್ ಹಾಕಿಕೊಟ್ಟಿದ್ದ. ಕಾಕಾ ಆ ಗಾಡಿಯನ್ನು ನೇರ ಬೀರಪ್ಪನ ಗುಡಿಗೆ ಒಯ್ದು ಪೂಜೆ ಮಾಡಿಸಿದ್ದರು. ನಮ್ಮವರ ಪೂಜೆ ನಿಮಗೆ ಗೊತ್ತಲ್ಲ, ಚಿಟಿಕೆಯಲ್ಲಿ ಮುಗಿಯುವುದಿಲ್ಲ. ಹಿಡಿಹಿಡಿಯಾಗಿ ಭಂಡಾರ ಎರಚುತ್ತೇವೆ. ಗಾಡಿ, ಗಾಡಿಯ ಚೈನು, ಪೂಜಾರಿಯ ಮೀಸೆ ಎಲ್ಲ ಹಳದಿ.

ಒಂದೆರಡು ಮಳೆಗಾಲ ಕಳೆದ ಮೇಲೆ ಆ ಚೈನು ಸವೆಯಿತು. ಸಂತೆಯ ಹಿಂದಿನ ದಿನ. ಗದ್ವಾಲ ದೂರವಾಯಿತೆಂದು ಕಾಕಾ ನನ್ನ ಹತ್ತಿರ ಬಂದರು.

“ನಾಳಿಗಿ ಸಂತಿ ಐತಪಾ ಮಾಳಪ್ಪಾ. ಸಂಜಿಕ ಮಾಡಿ ಕೊಟ್ಟಿಯಂದ್ರ ಪುಣ್ಯ ಬರ್ತೈತಿ.”

“ಬಿಟ್ಟು ಹೋಗ್ರಿ ಕಾಕಾ. ಸಂಜಿ ಆಗಾಕ ಬಿಡಂಗಿಲ್ಲ, ಅದಕ್ಕ ಮೊದಲಽ ಕೊಡ್ತೀನಿ.”

ದೊಡ್ಡ ಮಾತು ಆಡಿಬಿಟ್ಟೆ. ಮುಚ್ಚಳ ತೆಗೆದೆ. ಒಳಗೆ ಕೆಸರು, ಚೈನಿನ ಎಣ್ಣೆ, ಭಂಡಾರ ಎಲ್ಲ ಸೇರಿ ಹಳದಿ ಗಾರೆಯಂತೆ ಗಟ್ಟಿಯಾಗಿತ್ತು. ನಟ್ಟು ಕಚ್ಚಿಕೊಂಡಿತ್ತು. ಶಿವರಾಜ ಚೆನ್ನಾಗಿಯೇ ಬಿಗಿದಿದ್ದ. ನಟ್ಟು ಸಡಿಲವಾಗದಂತೆ ವಾಷರಿನ ಕಿವಿಯನ್ನು ಅದರ ಮೇಲೆ ಅಚ್ಚುಕಟ್ಟಾಗಿ ಮಡಚಿದ್ದ. ಅದನ್ನು ನೋಡಿದರೇ ನನಗೆ ಉರಿ. ಬ್ರೇಕ್ ಒತ್ತಿ ಹಿಡಿಯಲು ಅಂಗಡಿಯಲ್ಲಿ ಯಾರೂ ಇರಲಿಲ್ಲ. ಎದುರಿನ ಟೈಲರನ್ನು ಕರೆಯಬಹುದಿತ್ತು. ಎಣ್ಣೆ ಬಿಟ್ಟು ಒಂದು ಊಟ ಮಾಡಿ ಬರಬಹುದಿತ್ತು. ಕರೆಯಲಿಲ್ಲ, ಹೋಗಲಿಲ್ಲ. ಹಿಂದಿನ ಚಕ್ರಕ್ಕೆ ಕಟ್ಟಿಗೆ ಸಿಕ್ಕಿಸಿ ಪಾನಾ ಎಳೆದೆ, ಕಟ್ಟಿಗೆ ಮುರಿಯಿತು. ಮತ್ತೆ ಎಳೆದೆ, ಪಾನಾ ಜಾರಿ ಗೆಣ್ಣು ಸುಲಿಯಿತು. ರಕ್ತ ನೋಡಿದೆ. ಆಮೇಲೆ ಕೈಯಲ್ಲಿ ಉಳಿ ಯಾವಾಗ ಬಂತು, ಸುತ್ತಿಗೆ ಯಾವಾಗ ಬಂತು —

ಹೊಡೆದೆ. ಬರಲಿಲ್ಲ ಎಂದು ಹೊಡೆದೆ.

ಉಳಿ ಜಾರಿ ಇಂಜಿನನ್ನು ಸೀಳಿತು. ಗ್ಯಾಸ್ ಬತ್ತಿ ಹಚ್ಚಿ ಕಾಯಿಸಿದೆ, ಒಳಗಿನ ಆಯಿಲ್ ಸೀಲ್ ಸುಟ್ಟು ವಾಸನೆ ಬಂತು. ಕೊನೆಗೆ ನಟ್ಟು ಬಂತು, ಜೊತೆಗೆ ಗೇರ್‌ಬಾಕ್ಸಿನ ಶಾಫ್ಟಿನ ತಿರುಪು ಪೂರ್ತಿ ಹಾಳಾಗಿ ಬಂತು. ನೆಲದ ಮೇಲೆ ಕೂತೆ. ಆಗ ತಲೆಗೆ ಬಂದದ್ದು ಕಾಕಾನ ಸಂತೆಯಲ್ಲ, ಉಸ್ತಾದರ ಮುಖವಲ್ಲ. ತಲೆಗೆ ಬಂದದ್ದು ಇದು: ನನಗಿಂತ ಮೊದಲು ಈ ನಟ್ಟು ಮುಟ್ಟಿದವನು ಶಿವರಾಜ.

ಎಂಥ ಸುಖವಾಯಿತು ಗೊತ್ತೇ? ಹಸಿದವನಿಗೆ ಯಾರೋ ಕರೆದು ಎಲೆ ಹಾಕಿದಂತೆ. ಫೋನು ತೆಗೆದು ಫೋಟೊ ಹೊಡೆದೆ.

ಕಾಕಾ ಬಂದಾಗ ಎಲ್ಲ ಸಿದ್ಧವಾಗಿತ್ತು. “ಬ್ಯಾಡಾಗಿತ್ರಿ ಕಾಕಾ, ನನ್ನ ಬಾಯಿಲೆ ಹೇಳೂದು ಬ್ಯಾಡಾಗಿತ್ತು. ಮೊದಲ ಯಾರು ಹಾಕಿದ್ರು ಇದನ್ನ? ಉಳಿ ಹೊಡದು ಹಾಕ್ಯಾರ. ನಾ ಮುಚ್ಚಳ ತೆಗದೀನಿ, ಒಳಗ ಇದು.”

ಕಾಕಾ ಸಂಭಾವಿತರು. ಒಬ್ಬರ ಮಾತು ಕೇಳಿ ಇನ್ನೊಬ್ಬರನ್ನು ಬೈಯುವವರಲ್ಲ. ಗಾಡಿಯನ್ನು ಆಟೊದಲ್ಲಿ ಹೇರಿಸಿ ಉಸ್ತಾದರ ಅಂಗಳಕ್ಕೆ ಇಳಿಸಿದರು. ಗದ್ವಾಲದಿಂದ ಶಿವರಾಜನನ್ನು ಕರೆಸಿದರು. ಉಸ್ತಾದರು ಆಗ ಅಂಗಡಿ ಬಿಟ್ಟು ಮನೆಯಲ್ಲೇ ಇದ್ದರು. ಬೇಸಗೆಯಲ್ಲೂ ಶಾಲು ಹೊದ್ದು ಕುರ್ಚಿಯಲ್ಲಿ ಕೂರುತ್ತಿದ್ದರು. ಓಣಿಯ ಮೆಕ್ಯಾನಿಕರೆಲ್ಲ ಬಂದು ನಿಂತರು.

ಶಿವರಾಜ ಕುಕ್ಕರಗಾಲಲ್ಲಿ ಕೂತು ಇಂಜಿನನ್ನು ಬಹಳ ಹೊತ್ತು ನೋಡಿದ. ಗೀರಿನ ಮೇಲೆ ಬೆರಳಾಡಿಸಿದ. ಪಕ್ಕದ ಹಳದಿ ಗಾರೆಯನ್ನು ಉಗುರಿನಿಂದ ಕೆರೆದ. ಬೆರಳ ತುದಿ ನೋಡಿಕೊಂಡ. ಆಮೇಲೆ ನನ್ನನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ.

ಹೇಳಲು ಬಿಡಬಾರದು ಎನ್ನಿಸಿತು. ಏಕೆಂದು ತಿಳಿಯದೆಯೂ ಎನ್ನಿಸಿತು.

“ಮಾತ್ಯಾಕ? ಕಾಕಾನ ನಡದಾಗ ಭಂಡಾರ ಐತಿ. ಮುಟ್ಟಲಿ, ಉಳಿ ಹೊಡದಿಲ್ಲ ಅನ್ನಲಿ. ನಾನೂ ಮುಟ್ತೀನಿ.”

ಕೇಳಿ, ನನ್ನ ತಪ್ಪು ಉಳಿ ಹೊಡೆದದ್ದಲ್ಲ. ಕೈಲಾಗದವನು ಹೊಡೆಯುತ್ತಾನೆ, ಬೈಸಿಕೊಳ್ಳುತ್ತಾನೆ, ಮುಗಿಯಿತು. ನನ್ನ ತಪ್ಪು ಈ ಮಾತು. ಶಿವರಾಜ ಮುಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು. ಉಸ್ತಾದರ ಮುಂದೆ, ಉಸ್ತಾದರಿಗೆ ಕೊಟ್ಟ ಮಾತು ಅವನು ಮುರಿಯುವುದಿಲ್ಲ ಎಂದು ಈ ಭೂಮಿಯ ಮೇಲೆ ಉಸ್ತಾದರನ್ನು ಬಿಟ್ಟರೆ ಗೊತ್ತಿದ್ದವನು ನಾನೊಬ್ಬನೇ. ಅವನ ನೇಮವನ್ನೇ ಅವನ ಕೊರಳಿಗೆ ಹಗ್ಗ ಮಾಡಿದೆ.

ಕಾಕಾ ಚೀಲ ಬಿಚ್ಚಿ ಹಿಡಿದರು. ಶಿವರಾಜ ಕೈ ಹಿಂದಕ್ಕೆ ಕಟ್ಟಿಕೊಂಡ.

“ತಪ್ಪ ತಿಳಕೋಬ್ಯಾಡ್ರಿ ಕಾಕಾ. ಪಾನಾ ಹಿಡಿಯೋ ಕೈಲೆ ನಾ ಆಣಿ ಹಾಕಂಗಿಲ್ಲ.”

ಗುಂಪಿನಲ್ಲಿ ಯಾರೋ, “ಖರೇ ಇದ್ದವರು ಮುಟ್ತಾರ, ಇಲ್ಲದವ್ರು ಮಾತಾಡ್ತಾರ” ಎಂದರು. ಯಾರೋ ನಕ್ಕರು. ನಾನು ಮುಂದೆ ಹೋಗಿ ಇಡೀ ಅಂಗೈಯನ್ನು ಭಂಡಾರದಲ್ಲಿ ಊರಿದೆ. “ಬೀರಪ್ಪನ ಆಣಿ, ನಾ ಹೊಡದಿಲ್ಲ.” ಕೈ ನಡುಗಲಿಲ್ಲ. ನಡುಗಿತ್ತು ಎಂದು ಬರೆಯಲು ಆಸೆಯಿದೆ, ಆದರೆ ನಡುಗಲಿಲ್ಲ.

ಕಾಕಾ ನಿಟ್ಟುಸಿರು ಬಿಟ್ಟು ಚೀಲ ಕಟ್ಟಿಕೊಂಡರು. ಅಲ್ಲಿಗೆ ತೀರ್ಪು ಮುಗಿಯಿತು. ಎಲ್ಲರೂ ಚದುರುವಾಗ ಉಸ್ತಾದರು ಶಾಲಿನ ಒಳಗಿನಿಂದ ಕೈ ಚಾಚಿದರು. ನನ್ನ ಕಡೆಗೆ.

“ನಾ ಕೊಟ್ಟ ಪಾನಾ ತಂದು ಇಲ್ಲಿ ಇಡು.”

ಅಷ್ಟೇ. ಅವರಿಗೆ ಇಂಜಿನ್ ನೋಡುವ ಅಗತ್ಯವೇ ಬಿದ್ದಿರಲಿಲ್ಲ. ಯಾರು ಆಣೆ ಹಾಕಿದ ಎಂದು ನೋಡಿದ್ದರು. ನಾನು ಅಂಗಡಿಗೆ ಹೋಗಿ ಪಾನಾ ತಂದು ಅವರ ಕೈಯಲ್ಲಿಟ್ಟೆ. ಅವರು ಯಾರಿಗೂ ಏನೂ ಹೇಳಲಿಲ್ಲ. ನಾನೇ ಹೇಳಲಿ ಎಂದು ಕಾದರೇನೋ. ಕಾದು ಕಾದು ಕಣ್ಣು ಮುಚ್ಚಿದರು.

ಕಾಕಾನ ಗಾಡಿಯನ್ನು ಶಿವರಾಜ ತಾನೇ ಗದ್ವಾಲಕ್ಕೆ ಒಯ್ದು ಹೊಸ ಶಾಫ್ಟ್ ಹಾಕಿ ಕೊಟ್ಟ. “ನೋಡ್ರಿ, ಮಾಡಿದವನಽ ಕಟ್ಟಿಕೊಟ್ಟ” ಎಂದು ನಾನು ಅದನ್ನೂ ಅವನ ಮೇಲೇ ಹಾಕಿದೆ. ಚಹಾದ ಅಂಗಡಿ, ಬಿಡಿಭಾಗದ ಅಂಗಡಿ, ಮದುವೆಯ ಪಂಕ್ತಿ — ಎಲ್ಲಿ ಕೂತರೂ ಉಳಿ ಶಿವ್ಯಾನ ಕಥೆ. ಆ ಹೆಸರು ಇಟ್ಟವನೂ ನಾನೇ. ಹೆಸರು ನನಗಿಂತ ಮೊದಲು ಗದ್ವಾಲ ತಲುಪಿತು. ಜನ ಅವನ ಹತ್ತಿರ ಇಂಜಿನ್ ಬಿಡುವುದು ಕಡಿಮೆ ಮಾಡಿದರು. ಇಂಜಿನಿನ ಸದ್ದು ಕೇಳಿಯೇ ಯಾವ ಬೇರಿಂಗ್ ಎಂದು ಹೇಳುತ್ತಿದ್ದ ಶಿವರಾಜ, ಕೊನೆಕೊನೆಗೆ ಪಂಕ್ಚರ್ ಹಾಕಿ ಗಾಳಿ ಹೊಡೆಯಲು ಕೂತ.

ನನಗೆ ಅದು ಸಾಲಲಿಲ್ಲ. ನೋಡಬೇಕಿತ್ತು. ತಿಂಗಳಿಗೊಮ್ಮೆ ಏನಾದರೂ ನೆಪ ಮಾಡಿ ಗದ್ವಾಲಕ್ಕೆ ಹೋಗಿ ಅವನ ಅಂಗಡಿಯ ಎದುರಿಗೇ ಚಹಾ ಕುಡಿಯುತ್ತಿದ್ದೆ. ಚಹಾದವನು ತೆಲುಗಿನಲ್ಲಿ, “ಏಮನ್ನಾ, ಮಳ್ಳಾ ವಚ್ಚಿನವ್?” ಎಂದು ಕೇಳುತ್ತಿದ್ದ. ಹೌದಪ್ಪಾ, ಮತ್ತೆ ಬಂದೆ. ನಿನ್ನ ಚಹಾದ ರುಚಿ ಅಂಥದ್ದು, ಎನ್ನುತ್ತಿದ್ದೆ. ಚಹಾ ಗಂಜಿಯಂತಿರುತ್ತಿತ್ತು. ಒಮ್ಮೆ ಗಾಳಿ ಹಾಕಿಸುವ ನೆಪದಲ್ಲಿ ಅವನ ಮುಂದೆಯೇ ಗಾಡಿ ನಿಲ್ಲಿಸಿ, “ಏನಪಾ ಮೇಸ್ತ್ರಿ, ಗಾಳಿ ಹಾಕಾಕೂ ಉಳಿ ಬೇಕೇನು?” ಎಂದೆ. ಅವನು ತಲೆ ಎತ್ತಿ, “ಹಿಂದ ಎಷ್ಟು, ಮುಂದ ಎಷ್ಟು?” ಎಂದು ಮಾತ್ರ ಕೇಳಿದ.

ಇಷ್ಟರ ಮೇಲೆ ವಿಡಿಯೊ ಶುರುಮಾಡಿದೆ. ಆ ಫೋಟೊ ಹುಡುಕಿ ಹಾಕಿದೆ. ಹಾಗೆ ಹಾಕಿಯೇ ಸಿಕ್ಕಿಬಿದ್ದೆ.

ನಕ್ಕವರ ನಡುವೆ ವಡ್ಡೆಪಲ್ಲಿ ಕಡೆಯ ಒಬ್ಬ ಹೆಣ್ಣುಮಗಳ ಕಮೆಂಟ್ ಬಂತು. ನಮ್ಮವಳೇ, ಕುರಿ ಮನೆಯವಳು. “ಅಣ್ಣಾ, ಇಂಜಿನಿಗೆ ಭಂಡಾರ ಹತ್ತೈತಿ. ಗೀರು ಮಾತ್ರ ಫಳಫಳ ಅಂತೈತಿ, ಅದರೊಳಗ ಒಂಚೂರೂ ಹಳದಿ ಇಲ್ಲ. ಗಾಡಿ ಪೂಜಿ ಆದಮ್ಯಾಲ ಯಾರು ಬಿಚ್ಚಿದ್ರು?”

ನಾನು ಫೋಟೊ ದೊಡ್ಡದು ಮಾಡಿ ನೋಡಿದೆ. ಶಿವರಾಜ ಸ್ಪ್ರಾಕೆಟ್ ಹಾಕಿದ ಮೇಲೆ ಪೂಜೆ. ಪೂಜೆಯ ಮೇಲೆ ನಾನು. ಅವನು ಹೊಡೆದಿದ್ದರೆ ಗೀರಿನ ತುಂಬ ಭಂಡಾರ ತುಂಬಿರಬೇಕಿತ್ತು. ಹುಟ್ಟಿದಾಗಿನಿಂದ ಭಂಡಾರದಲ್ಲಿ ಆಡಿ ಬೆಳೆದ ನನಗೆ ಅದು ಕಾಣಿಸಿರಲಿಲ್ಲ. ಕಾಕಾನಿಗೂ ಕಾಣಿಸಿರಲಿಲ್ಲ, ನನ್ನ ಅಂಗೈಗೆ ಹತ್ತಿದ ಭಂಡಾರ ನೋಡಿದರು, ಇಂಜಿನಿಗೆ ಹತ್ತಿದ್ದನ್ನು ನೋಡಲಿಲ್ಲ. ಕಂಡದ್ದು ವಿಭೂತಿಯ ಹುಡುಗನಿಗೆ. ಅಂದು ಉಗುರಿನಿಂದ ಕೆರೆದು ನೋಡಿದ್ದನಲ್ಲ —

ಕಮೆಂಟನ್ನು ಅಳಿಸಿಹಾಕಿದೆ. ಮೊದಲು ಮಾಡಿದ್ದು ಅದನ್ನೇ. ಆದರೆ ಒಂದು ಮಾತು ಒಳಗೆ ಹುಳದಂತೆ ಹೊಕ್ಕಿತು: ಶಿವರಾಜನಿಗೆ ಅಂದೇ ಗೊತ್ತಿತ್ತು. ಹಾಗಾದರೆ ಯಾಕೆ ಹೇಳಲಿಲ್ಲ? ನಿದ್ದೆ ಊಟ ಎರಡೂ ಕೆಟ್ಟವು. ಕೊನೆಗೆ ಮೊನ್ನೆ ಗದ್ವಾಲಕ್ಕೆ ಹೋದೆ. ಈ ಸಲ ಚಹಾದ ಅಂಗಡಿಗಲ್ಲ, ಬೇವಿನ ಮರದ ಕೆಳಗೆ.

“ನಿನಗ ಗೊತ್ತಿತ್ತು” ಎಂದೆ.

“ಗೊತ್ತಿತ್ತು.”

“ಮತ್ತ ಯಾಕ ಬಾಯಿ ಬಿಡಲಿಲ್ಲ?”

ಅವನು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ. ಹುಡುಕುತ್ತಲೇ ಹೇಳಿದ.

“ಹೇಳಾಕಂತಽ ಬಾಯಿ ತೆರದೆ. ಅಷ್ಟ್ರಾಗ ನೀ ಭಂಡಾರದ ಮಾತು ತೆಗದಿ, ಮುಟ್ಟೇ ಬಿಟ್ಟಿ. ಹಿರ್ಯಾ ಮನಷ್ಯಾನ ಮುಂದ ನಿಮ್ಮ ದೇವರನ್ನ ಸುಳ್ಳು ಮಾಡಲೇನು? ಸುಮ್ಮನಾದೆ. ಆಮ್ಯಾಲ ನೀ ಇಲ್ಲಿ ಚಾ ಕುಡಿಯಾಕ ಬರಾಕ ಹತ್ತಿದಿ.” ಈಗ ತಲೆ ಎತ್ತಿದ. ನಗುತ್ತಿದ್ದ. ಅಂಥ ನಗುವನ್ನು ನಾನು ಅವನ ಮುಖದಲ್ಲಿ ಎಂದೂ ನೋಡಿರಲಿಲ್ಲ. “ಗೆದ್ದವ ಅಷ್ಟು ದೂರದಿಂದ ಸೋತವನ ಮಾರಿ ನೋಡಾಕ ಬರಂಗಿಲ್ಲ ಮಾಳ್ಯಾ. ಅವತ್ತಽ ತಿಳೀತು. ಹೇಳಿದೆ ಅಂದ್ರ ನೀ ಒಂದ ದಿನ ನಾಚಿಕಿ ಪಟ್ಟು ಮರೀತಿ. ಹೇಳಲಿಲ್ಲಂದ್ರ, ಸಾಯೂತನಕ ನಿನ್ನ ಎದಿಮ್ಯಾಗ ನಾ ಕುಂತಿರ್ತೀನಿ. ನನ್ನ ಕೈಯಿಂದ ಇಂಜಿನ್ ಕಸಗೊಂಡಿ. ನಿನ್ನ ಸುಖ ನಾ ಕಸಗೊಂಡೆ. ನೀ ಬಂದಾಗೊಮ್ಮೆ ನೋಡಿ ಖುಷಿ ಪಟ್ಟೀನಿ.”

ನಾನು ಅವನ ಕಾಲು ಹಿಡಿಯಲು ಬಗ್ಗಿದೆ. ಕಾಲು ಹಿಂದಕ್ಕೆ ಎಳೆದುಕೊಂಡ.

“ಅದೆಲ್ಲಾ ಬ್ಯಾಡ. ಬಾ ಇಲ್ಲಿ.”

ಮರದ ಹಿಂದೆ ಅವನದೇ ಹಳೆಯ ಬೈಕು ನಿಂತಿತ್ತು. ಮುಂದಿನ ಸ್ಪ್ರಾಕೆಟ್ ತುಕ್ಕು ಹಿಡಿದು ಕಚ್ಚಿತ್ತು; ಮುಚ್ಚಳವನ್ನು ಮೊದಲೇ ತೆಗೆದಿಟ್ಟಿದ್ದ. ಒಳಗೆ ಹೋಗಿ ಉದ್ದ ಹಿಡಿಕೆಯ ಒಂದು ಪಾನಾ ತಂದ. ಹಿಡಿಕೆಯ ಬೆಸುಗೆ ನೋಡಿದೊಡನೆ ಗುರುತು ಸಿಕ್ಕಿತು. ನಾನು ವಾಪಸು ಕೊಟ್ಟದ್ದೇ ಅದು. ಉಸ್ತಾದರು ಸಾಯುವ ಮೊದಲು ಅವನಿಗೆ ಕೊಟ್ಟಿದ್ದರು.

“ಇದರ್ಲೆ ಬಿಚ್ಚು. ಬ್ರೇಕ್ ನಾ ಒತ್ತತೀನಿ.”

ಅವನು ಸೀಟಿನ ಮೇಲೆ ಕೂತ. ನಾನು ಅವನ ಕಾಲ ಬಳಿ ಕೂತೆ. ನಡುಹಗಲು. ಚಹಾದವನು ಲೋಟ ತೊಳೆಯುವುದು ಬಿಟ್ಟು ಬಂದ. ಅವನ ಹಿಂದೆ ಇಡೀ ಓಣಿ ಬಂತು. ಡೀಸೆಲ್ ಹಾಕಿ ಉಜ್ಜಿದೆ. ವಾಷರಿನ ಕಿವಿಯನ್ನು ಮೆಲ್ಲಗೆ ಎತ್ತಿದೆ. ಎಣ್ಣೆ ಬಿಟ್ಟೆ, ಕಾದೆ. ಪಾನಾ ಹಾಕಿ ಎಳೆದೆ. ಕದಲಲಿಲ್ಲ. ಮತ್ತೆ ಎಣ್ಣೆ, ಮತ್ತೆ ಕಾಯುವುದು. ಬೆವರು ಕಣ್ಣಿಗಿಳಿಯಿತು. ಶಿವರಾಜ ಬ್ರೇಕಿನ ಮೇಲಿನ ಕಾಲು ಸಡಿಲಿಸಲಿಲ್ಲ. ಒಂದೇ ಒಂದು ಸಲ, ನನ್ನ ಪಕ್ಕದಲ್ಲಿ ಸುತ್ತಿಗೆಯನ್ನೂ ಉಳಿಯನ್ನೂ ತಂದಿಡುವಂತೆ ಚಹಾದವನಿಗೆ ಹೇಳಿದ. ಅವನು ತಂದಿಟ್ಟ. ಕೈಗೆ ಎಟುಕುವಷ್ಟು ಹತ್ತಿರ.

ನಾಚಿಕೆ ಬಿಟ್ಟು ಹೇಳುತ್ತೇನೆ: ಕೈ ಅದರ ಕಡೆಗೆ ಹೋಯಿತು. ಇಷ್ಟೆಲ್ಲ ಆದ ಮೇಲೂ ಹೋಯಿತು. ಹಿಂದಕ್ಕೆ ಎಳೆದುಕೊಂಡೆ.

ನೆರಳು ಮರದ ಆಚೆ ಬದಿಗೆ ಹೋಗಿದ್ದಾಗ ನಟ್ಟು “ಕಿರ್” ಎಂದಿತು. ಬಿಗಿ ಬಿಟ್ಟಿತು. ಕೈಯಿಂದ ತಿರುಗಿಸಿ ತೆಗೆದು ಅಂಗೈ ಮೇಲಿಟ್ಟುಕೊಂಡೆ. ಮೂಲೆ ಮೂಲೆಯೂ ಇದ್ದ ಹಾಗೇ ಇತ್ತು. ಅವನಿಗೆ ಕೊಟ್ಟೆ. ತಿರುಗಿಸಿ ನೋಡಿ ಜೇಬಿಗೆ ಹಾಕಿಕೊಂಡ.

“ಬರ್ತೈತಲ್ಲ ನಿನಗ” ಎಂದ. “ಅವತ್ತೂ ಬರ್ತಿತ್ತು.”

ಓಣಿಯವರ ಮುಂದೆ ಅಲ್ಲೇ ಎಲ್ಲ ಹೇಳಲೇ ಎಂದೆ. ಬೇಡವೆಂದ. “ಇಲ್ಲಿ ಇವರ ಮುಂದ ನೀ ಮೊದಲ ಹೇಳಿದ್ದಲ್ಲ. ಎಲ್ಲೆಲ್ಲಿ ಹೇಳಿದ್ಯೋ ಅಲ್ಲೆಲ್ಲಾ ಹೇಳು.”

ಅದಕ್ಕೇ ಇದನ್ನು ಇಲ್ಲಿ ಬರೆದೆ. ಆ ವಿಡಿಯೊವನ್ನು ಅಳಿಸುವುದಿಲ್ಲ, ಅಳಿಸಿದರೆ ತಪ್ಪಿಸಿಕೊಂಡಂತೆ. ಫೋಟೊವನ್ನು ಮತ್ತೆ ಮೇಲೆ ಹಾಕಿದ್ದೇನೆ, ಈ ಸಲ ನನ್ನ ಹೆಸರಿನ ಜೊತೆ. ದೊಡ್ಡದು ಮಾಡಿ ನೋಡಿ. ವಡ್ಡೆಪಲ್ಲಿಯ ತಂಗೀ, ನೀನು ಸರಿಯಾಗಿ ನೋಡಿದ್ದೆ. ಬೀರಲಿಂಗ ಕಾಕಾ ಇನ್ನೂ ಇದ್ದಾರೆ, ಫೋನು ನೋಡುವವರಲ್ಲ. ನಾಳೆ ಬೆಳಿಗ್ಗೆ ಧನ್ವಾಡಕ್ಕೆ ಹೋಗುತ್ತೇನೆ. ಭಂಡಾರ ಮುಟ್ಟುವುದಿಲ್ಲ. ಬರಿಗೈಯಲ್ಲಿ ನಿಂತು ಹೇಳುತ್ತೇನೆ. ಅಲ್ಲಿಂದ ಮುಂದೆ, ಉಳಿ ಶಿವ್ಯಾನ ಕಥೆ ಹೇಳಿದ ಒಂದೊಂದು ಚಹಾದ ಅಂಗಡಿಗೂ.

ಶಿವರಾಜನ ಮೇಲೆ ಸಿಟ್ಟು ಹೋಯಿತೇ ಎಂದು ಕೇಳಿದರೆ — ಇಲ್ಲ. ಅಂದು ಹೆಣ್ಣಿನ ಅಪ್ಪನಿಗೆ ಅವನು ಆಡಿದ ಮಾತು ಈಗಲೂ ಚುಚ್ಚುತ್ತದೆ. ನಿಜವಾಗಿದ್ದರಿಂದಲೇ ಇಷ್ಟು ವರ್ಷ ಚುಚ್ಚಿತು. ಅವನಿಗೂ ನನ್ನ ಮೇಲೆ ಹೋಗಿಲ್ಲ. ಹೋಗಬಾರದು.

ಅಂದು ಹೊರಡುವಾಗ ಮರೆತು ಪಾನಾವನ್ನು ಕೈಯಲ್ಲೇ ಹಿಡಿದುಕೊಂಡು ಎರಡು ಹೆಜ್ಜೆ ಇಟ್ಟಿದ್ದೆ. ಶಿವರಾಜ ಹಿಂದಿನಿಂದ ಕರೆಯಲಿಲ್ಲ. ಸೀಟಿನ ಮೇಲೆ ಕೂತೇ ಕೈ ಚಾಚಿದ, ಅಂದು ಉಸ್ತಾದರು ಶಾಲಿನಿಂದ ಚಾಚಿದ ಹಾಗೇ. ನಾನು ತಿರುಗಿ ಹೋಗಿ ಅದನ್ನು ಅವನ ಕೈಯಲ್ಲಿಟ್ಟು ಬಂದೆ.